ದತ್ತಾಂಶ ಕೇಂದ್ರಗಳು ಮತ್ತು ಅವುಗಳ ವಿದ್ಯುತ್ ಬಳಕೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಚನ್ನರಾಯಪಟ್ಟಣ ತಾಲ್ಲೂಕಿನ ಕಸಬಾ, ಶ್ರವಣಬೆಳಗೊಳ, ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಮತ್ತು ದಂಡಿಗನಹಳ್ಳಿ ಹೋಬಳಿಗಳ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ಪಿಂಚಣಿ ಮುಂತಾದ ಸೇವೆಗಳಿಗಾಗಿ ಕಚೇರಿಗೆ ಬಂದಾಗ ಕೆಲವು ಸಂದರ್ಭಗಳಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆಯುವುದುಂಟು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ, ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿ ಇಟ್ಟು ಪಹಣಿಗಾಗಿ ಕಾಯುತ್ತಿರುವವರಿಗೆ, ಕಾಲೇಜು ಪ್ರವೇಶದ ಕೊನೆಯ ದಿನದಂದು ಪ್ರಮಾಣ ಪತ್ರ ಬೇಕಾಗಿರುವವರಿಗೆ ಈ ಉತ್ತರದಿಂದ ಆಗುವ ತೊಂದರೆ ಸಣ್ಣದಲ್ಲ.

ಸರ್ವರ್ ಎಂದರೇನು, ಅದು ಎಲ್ಲಿದೆ, ಅದನ್ನು ನಡೆಸಲು ಎಷ್ಟು ವಿದ್ಯುತ್ ಬೇಕು, ಆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬ ವಿಷಯಗಳು ಸಾರ್ವಜನಿಕರಿಗೆ ತಿಳಿದಿದ್ದಲ್ಲಿ ಸೇವೆ ಪಡೆಯುವುದು ಸುಲಭವಾಗುತ್ತದೆ. ದತ್ತಾಂಶ ಕೇಂದ್ರಗಳ ವಿದ್ಯುತ್ ಬೇಡಿಕೆಯು ಇತ್ತೀಚಿನ ವರ್ಷಗಳಲ್ಲಿ ತೀವ್ರವಾಗಿ ಏರುತ್ತಿರುವುದರಿಂದ ಇದು ರೈತರು ಹಾಗೂ ಗೃಹ ಬಳಕೆದಾರರಿಗೂ ಸಂಬಂಧಪಟ್ಟ ವಿಷಯವಾಗಿದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ದತ್ತಾಂಶ ಕೇಂದ್ರ ಎಂದರೇನು?

ಸಾರ್ವಜನಿಕರ ದಾಖಲೆಗಳನ್ನು ಇರಿಸಿಕೊಂಡು, ಕೇಳಿದಾಗ ಒದಗಿಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಇಂತಹ ನೂರಾರು ಅಥವಾ ಸಾವಿರಾರು ಸರ್ವರ್‌ಗಳನ್ನು ಒಂದೇ ಕಟ್ಟಡದಲ್ಲಿ ಸಾಲುಸಾಲಾಗಿ ಜೋಡಿಸಿ, ದಿನದ 24 ಗಂಟೆ, ವರ್ಷದ 365 ದಿನವೂ ನಡೆಸುವ ವ್ಯವಸ್ಥೆಯೇ ದತ್ತಾಂಶ ಕೇಂದ್ರ. ಇದನ್ನು ಹಿಂದಿನ ಕಾಲದ ದಾಖಲೆ ಕೊಠಡಿಗೆ ಹೋಲಿಸಬಹುದು. ಆದರೆ ದಾಖಲೆ ಕೊಠಡಿಗೆ ರಾತ್ರಿ ಬೀಗ ಹಾಕಲಾಗುತ್ತಿತ್ತು. ದತ್ತಾಂಶ ಕೇಂದ್ರಕ್ಕೆ ಬೀಗ ಹಾಕುವ ಸಮಯವಿಲ್ಲ.

ಒಂದು ದತ್ತಾಂಶ ಕೇಂದ್ರದಲ್ಲಿ ಮುಖ್ಯವಾಗಿ ಈ ಭಾಗಗಳಿರುತ್ತವೆ:

(ಅ) ಸರ್ವರ್‌ಗಳು ಮತ್ತು ದಾಖಲೆ ಸಂಗ್ರಹಿಸುವ ಡಿಸ್ಕ್‌ಗಳು.
(ಆ) ಹೊರಗಿನ ಕಚೇರಿಗಳೊಡನೆ ಸಂಪರ್ಕ ಕಲ್ಪಿಸುವ ಜಾಲ ಸಾಧನಗಳು ಮತ್ತು ಆಪ್ಟಿಕಲ್ ಫೈಬರ್ ಮಾರ್ಗಗಳು.
(ಇ) ಶೈತ್ಯೀಕರಣ ವ್ಯವಸ್ಥೆ. ಸರ್ವರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಹೊರಬರುತ್ತದೆ. ಆ ಶಾಖವನ್ನು ತೆಗೆಯದಿದ್ದಲ್ಲಿ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಸ್ಥಗಿತಗೊಳ್ಳುತ್ತವೆ.
(ಈ) ವಿದ್ಯುತ್ ವ್ಯವಸ್ಥೆ. ಪರಿವರ್ತಕಗಳು, ಯು.ಪಿ.ಎಸ್. ಬ್ಯಾಟರಿಗಳು ಮತ್ತು ಡೀಸೆಲ್ ಜನರೇಟರ್‌ಗಳು. ವಿದ್ಯುತ್ ನಿಂತ ಕ್ಷಣದಲ್ಲಿ ಬ್ಯಾಟರಿ ಭಾರ ಹೊರುತ್ತದೆ. ಅಷ್ಟರಲ್ಲಿ ಜನರೇಟರ್ ಆರಂಭವಾಗುತ್ತದೆ.

ದತ್ತಾಂಶ ಕೇಂದ್ರಗಳನ್ನು ವಿಶ್ವಾಸಾರ್ಹತೆಯ ಆಧಾರದ ಮೇಲೆ ನಾಲ್ಕು ಶ್ರೇಣಿಗಳಾಗಿ ವಿಂಗಡಿಸುವ ಪದ್ಧತಿಯಿದೆ. ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಅಳತೆಯಂತೆ ಮೂರನೇ ಶ್ರೇಣಿಯ ಕೇಂದ್ರವು ಶೇ. 99.982ರಷ್ಟು ಸಮಯ ಲಭ್ಯವಿರಬೇಕು. ಅಂದರೆ ವರ್ಷಕ್ಕೆ ಒಟ್ಟು ಸುಮಾರು 1 ಗಂಟೆ 35 ನಿಮಿಷಕ್ಕಿಂತ ಹೆಚ್ಚು ಸ್ಥಗಿತವಾಗಬಾರದು.

3. ನಮ್ಮ ದಾಖಲೆಗಳು ದತ್ತಾಂಶ ಕೇಂದ್ರಕ್ಕೆ ಹೋದ ಬಗೆ

2000ದ ದಶಕದ ಆರಂಭದವರೆಗೆ ರಾಜ್ಯದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಕೈಬರಹದ ಪುಸ್ತಕಗಳಲ್ಲಿದ್ದವು. ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ ಕೈಗೊಂಡ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆಗ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಒಂದು ಭೂಮಿ ಕೇಂದ್ರ, ಅದರೊಳಗೆ ಆ ತಾಲ್ಲೂಕಿನದೇ ಸರ್ವರ್ ಇರುತ್ತಿತ್ತು. ಚನ್ನರಾಯಪಟ್ಟಣದ ಪಹಣಿ ಚನ್ನರಾಯಪಟ್ಟಣದಲ್ಲಿಯೇ, ಹೊಳೆನರಸೀಪುರದ ಪಹಣಿ ಹೊಳೆನರಸೀಪುರದಲ್ಲಿಯೇ ಇದ್ದವು.

ಈ ವ್ಯವಸ್ಥೆಯಲ್ಲಿ ಒಂದು ಅನುಕೂಲ, ಒಂದು ಅನಾನುಕೂಲ ಇದ್ದವು. ಹೊರಗಿನ ಸಂಪರ್ಕ ಕಡಿದುಹೋದರೂ ತಾಲ್ಲೂಕಿನ ಕೆಲಸ ನಿಲ್ಲುತ್ತಿರಲಿಲ್ಲ ಎಂಬುದು ಅನುಕೂಲ. ಪ್ರತಿ ತಾಲ್ಲೂಕಿಗೂ ಪ್ರತ್ಯೇಕ ಯಂತ್ರ, ಪ್ರತ್ಯೇಕ ಹವಾನಿಯಂತ್ರಣ, ಪ್ರತ್ಯೇಕ ಬ್ಯಾಟರಿ ಬೇಕಾಗುತ್ತಿತ್ತು ಎಂಬುದು ಅನಾನುಕೂಲ. ಕೆಲಸವಿಲ್ಲದ ವೇಳೆಯಲ್ಲಿಯೂ ಸರ್ವರ್ ಗಣನೀಯ ಪ್ರಮಾಣದ ವಿದ್ಯುತ್ ಬಳಸುವುದರಿಂದ ರಾತ್ರಿಯಿಡೀ ಆ ಯಂತ್ರಗಳು ವ್ಯರ್ಥವಾಗಿ ಉರಿಯುತ್ತಿದ್ದವು.

ತರುವಾಯ ರಾಜ್ಯವ್ಯಾಪಿ ಜಾಲ ಹಾಗೂ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ದತ್ತಾಂಶ ಕೇಂದ್ರ ಸ್ಥಾಪನೆಯಾದ ಮೇಲೆ ತಾಲ್ಲೂಕುಗಳ ದಾಖಲೆಗಳು ಹಂತಹಂತವಾಗಿ ಕೇಂದ್ರೀಕೃತಗೊಂಡವು. ಇದೇ ರೀತಿ ನೋಂದಣಿ ಇಲಾಖೆಯ ಕಾವೇರಿ, ನಾಡಕಚೇರಿ ಸೇವೆಗಳು, ಗ್ರಾಮ ಪಂಚಾಯಿತಿಗಳ ಇ-ಸ್ವತ್ತು, ಸೇವಾ ಸಿಂಧು ಮುಂತಾದವುಗಳೂ ದೂರದ ದತ್ತಾಂಶ ಕೇಂದ್ರಗಳನ್ನು ಅವಲಂಬಿಸಿವೆ. ಇದಲ್ಲದೆ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್ ಮತ್ತು ಭುವನೇಶ್ವರದಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರಗಳನ್ನು ನಡೆಸುತ್ತಿದೆ.

ಬೆಂಗಳೂರು ದೂರವಿರುವುದರಿಂದ ಸೇವೆ ನಿಧಾನವಾಗುತ್ತದೆ ಎಂಬ ಅಭಿಪ್ರಾಯ ಕೆಲವರಲ್ಲಿದೆ. ಇದು ಸರಿಯಲ್ಲ. ಫೈಬರ್ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಸಂದೇಶ ತಲುಪಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸಮಯ ಸಾಕು. ವಿಳಂಬವಾಗುವುದು ದಾರಿಯಲ್ಲಿ ಅಲ್ಲ. ಒಂದೇ ಹೊತ್ತಿನಲ್ಲಿ ಸಾವಿರಾರು ಜನ ಕೇಳಿದಾಗ ಉಂಟಾಗುವ ಸರದಿಯಲ್ಲಿ ಅಥವಾ ತಂತಿ ಕಡಿದ ಸ್ಥಳದಲ್ಲಿ.

4. ದತ್ತಾಂಶ ಹೆಚ್ಚಲು ಕಾರಣಗಳು

4.1 ಅಕ್ಷರದಿಂದ ಚಿತ್ರಕ್ಕೆ: ಗಣಕೀಕೃತ ಪಹಣಿಯು ಅಕ್ಷರ ಮತ್ತು ಅಂಕಿಗಳ ರೂಪದಲ್ಲಿದ್ದು ಕೆಲವೇ ಕಿಲೋಬೈಟ್ ಜಾಗ ಸಾಕು. ಅದೇ ಹಾಳೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಇರಿಸಿದಲ್ಲಿ ನೂರು ಪಟ್ಟು ಜಾಗ ಬೇಕಾಗಬಹುದು. ಕಂದಾಯ ಇಲಾಖೆಯು 2024ರಲ್ಲಿ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯವನ್ನು ಆರಂಭಿಸಿತು. ಉದಾಹರಣೆಗೆ ಒಂದು ಪುಟಕ್ಕೆ 300 ಕಿಲೋಬೈಟ್ ಎಂದು ಲೆಕ್ಕ ಹಿಡಿದರೆ 1 ಕೋಟಿ ಪುಟಗಳಿಗೆ 3 ಟೆರಾಬೈಟ್ ಜಾಗ ಬೇಕು. ಸುರಕ್ಷತೆಗಾಗಿ ಇನ್ನೊಂದು ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇರಿಸಿದಲ್ಲಿ ಅದು 6 ಟೆರಾಬೈಟ್ ಆಗುತ್ತದೆ.

4.2 ಛಾಯಾಚಿತ್ರಗಳು: ಬೆಳೆ ಸಮೀಕ್ಷೆಗಾಗಿ 2020ರಿಂದ ರೈತರೇ ತಮ್ಮ ಮೊಬೈಲ್ ಮೂಲಕ ಜಮೀನಿನ ಬೆಳೆಯ ಛಾಯಾಚಿತ್ರವನ್ನು ಕಳುಹಿಸಲು ಅವಕಾಶ ಕಲ್ಪಿಸಲಾಗಿದೆ. ತೆಂಗು, ರಾಗಿ, ಆಲೂಗಡ್ಡೆ ಯಾವುದೇ ಇರಲಿ, ಪ್ರತಿ ಸರ್ವೆ ನಂಬರಿನ ಚಿತ್ರವೂ ದತ್ತಾಂಶವೇ ಆಗಿದೆ.

4.3 ಮೊಬೈಲ್ ಬಳಕೆ: ಭಾರತದಲ್ಲಿ 2014ರ ಮಾರ್ಚ್‌ನಲ್ಲಿ ಒಬ್ಬ ಗ್ರಾಹಕರು ತಿಂಗಳಿಗೆ ಸರಾಸರಿ 62 ಮೆಗಾಬೈಟ್ ದತ್ತಾಂಶ ಬಳಸುತ್ತಿದ್ದರು. 2024ರ ವೇಳೆಗೆ ಇದು 20 ಗಿಗಾಬೈಟ್ ಮೀರಿತು. ಹತ್ತು ವರ್ಷಗಳಲ್ಲಿ ಮುನ್ನೂರು ಪಟ್ಟಿಗೂ ಹೆಚ್ಚು ಏರಿಕೆ. ಇದರಲ್ಲಿ ದೊಡ್ಡ ಪಾಲು ವೀಡಿಯೊ ವೀಕ್ಷಣೆಯದು.

4.4 ಹಣ ಪಾವತಿ: 2016ರಲ್ಲಿ ಆರಂಭವಾದ ಯು.ಪಿ.ಐ. ಮೂಲಕ 2025ರ ಆಗಸ್ಟ್ ತಿಂಗಳೊಂದರಲ್ಲಿಯೇ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಪಾವತಿಗೆ ಸಂಬಂಧಿಸಿದ ದತ್ತಾಂಶವನ್ನು ಭಾರತದಲ್ಲಿಯೇ ಇರಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ದೇಶದೊಳಗೆ ದತ್ತಾಂಶ ಕೇಂದ್ರಗಳು ಹೆಚ್ಚಲು ಇದೂ ಒಂದು ಕಾರಣವಾಗಿದೆ.

4.5 ಕೃತಕ ಬುದ್ಧಿಮತ್ತೆ: ಪ್ರಶ್ನೆಗೆ ಉತ್ತರ ಬರೆಯುವ, ಚಿತ್ರ ರಚಿಸುವ, ಭಾಷಾಂತರ ಮಾಡುವ ತಂತ್ರಾಂಶಗಳು ಸಿದ್ಧ ದಾಖಲೆಯನ್ನು ತೆಗೆದುಕೊಡುವುದಿಲ್ಲ, ಪ್ರತಿ ಬಾರಿಯೂ ಹೊಸದಾಗಿ ಅಪಾರ ಲೆಕ್ಕಾಚಾರ ಮಾಡುತ್ತವೆ. ಇದಕ್ಕೆ ವಿಶೇಷ ಚಿಪ್‌ಗಳು ಬೇಕಾಗುತ್ತವೆ. ಇಂತಹ ಒಂದೇ ಚಿಪ್ 700 ವ್ಯಾಟ್ ವಿದ್ಯುತ್ ಬಳಸಬಲ್ಲದು. ಹಿಂದೆ ಸರ್ವರ್‌ಗಳ ಒಂದು ಕಪಾಟಿಗೆ 5ರಿಂದ 10 ಕಿಲೋವ್ಯಾಟ್ ಸಾಕಾಗುತ್ತಿತ್ತು. ಕೃತಕ ಬುದ್ಧಿಮತ್ತೆಯ ಹೊಸ ಕಪಾಟು ಒಂದಕ್ಕೆ ಸುಮಾರು 120 ಕಿಲೋವ್ಯಾಟ್ ಬೇಕಾಗುತ್ತದೆ. ಇದು 5 ಅಶ್ವಶಕ್ತಿಯ 32 ಪಂಪ್‌ಸೆಟ್‌ಗಳು ಏಕಕಾಲಕ್ಕೆ ಓಡುವುದಕ್ಕೆ ಸಮ.

5. ವಿದ್ಯುತ್ ಬಳಕೆಯ ಲೆಕ್ಕ

ದತ್ತಾಂಶ ಕೇಂದ್ರದ ಗಾತ್ರವನ್ನು ಚದರ ಅಡಿಯಲ್ಲಿ ಹೇಳುವುದಕ್ಕಿಂತ ಮೆಗಾವ್ಯಾಟ್‌ನಲ್ಲಿ ಹೇಳುವುದು ರೂಢಿ. 1 ಮೆಗಾವ್ಯಾಟ್ ಎಂದರೆ 1,000 ಕಿಲೋವ್ಯಾಟ್. 1 ಮೆಗಾವ್ಯಾಟ್ ಭಾರವು ಬಿಡುವಿಲ್ಲದೆ ನಡೆದಲ್ಲಿ:

- ದಿನಕ್ಕೆ 24,000 ಯೂನಿಟ್.
- 30 ದಿನಗಳ ತಿಂಗಳಿಗೆ 7,20,000 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ 7,200 ಮನೆಗಳ ಬಳಕೆಗೆ ಸಮ.
- ವರ್ಷಕ್ಕೆ 87,60,000 ಯೂನಿಟ್.

5 ಅಶ್ವಶಕ್ತಿಯ ಪಂಪ್‌ಸೆಟ್ ಗಂಟೆಗೆ ಸುಮಾರು 3.73 ಯೂನಿಟ್‌ನಂತೆ ದಿನಕ್ಕೆ 7 ಗಂಟೆ ನಡೆದರೆ 26 ಯೂನಿಟ್ ಬಳಸುತ್ತದೆ. ಆ ಪ್ರಕಾರ 1 ಮೆಗಾವ್ಯಾಟ್ ದತ್ತಾಂಶ ಕೇಂದ್ರದ ಒಂದು ದಿನದ ವಿದ್ಯುತ್ತು 900ಕ್ಕೂ ಹೆಚ್ಚು ಪಂಪ್‌ಸೆಟ್‌ಗಳ ಒಂದು ದಿನದ ವಿದ್ಯುತ್ತಿಗೆ ಸಮನಾಗುತ್ತದೆ.

ಮೇಲಿನ ಲೆಕ್ಕವು ಸರ್ವರ್‌ಗಳಿಗೆ ಮಾತ್ರ. ಶೈತ್ಯೀಕರಣ, ಬ್ಯಾಟರಿಯಲ್ಲಿನ ನಷ್ಟ, ದೀಪ ಮುಂತಾದವು ಸೇರಿದಾಗ ಒಟ್ಟು ಬಳಕೆ ಇನ್ನೂ ಹೆಚ್ಚು. ಕೇಂದ್ರದ ಒಟ್ಟು ವಿದ್ಯುತ್ತನ್ನು ಸರ್ವರ್‌ಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಪಿ.ಯು.ಇ. ಎನ್ನುತ್ತಾರೆ. ಇದು 1ಕ್ಕೆ ಹತ್ತಿರವಾದಷ್ಟೂ ಉತ್ತಮ. 2007ರ ಸುಮಾರಿಗೆ ಜಾಗತಿಕ ಸಮೀಕ್ಷೆಯಲ್ಲಿ ಈ ಸರಾಸರಿ 2.5 ಇತ್ತು, 2023ರಲ್ಲಿ 1.58ಕ್ಕೆ ಇಳಿದಿದೆ. ಅತ್ಯುತ್ತಮ ದೊಡ್ಡ ಕೇಂದ್ರಗಳಲ್ಲಿ ಇದು ಸುಮಾರು 1.1. ಒಂದು ರೂಪಾಯಿಯ ಕೆಲಸಕ್ಕೆ ಒಂದೂವರೆ ರೂಪಾಯಿ ಮೇಲ್ವೆಚ್ಚ ಬೀಳುತ್ತಿದ್ದ ಕಡೆ ಈಗ ಹತ್ತು ಪೈಸೆ ಮೇಲ್ವೆಚ್ಚ ಬೀಳುತ್ತಿದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು.

6. ಹಿಂದೆ ಉಳಿತಾಯ, ಈಗ ಏರಿಕೆ

ದತ್ತಾಂಶ ಹೆಚ್ಚಿದಷ್ಟೂ ವಿದ್ಯುತ್ ಬಳಕೆ ಅದೇ ಪ್ರಮಾಣದಲ್ಲಿ ಹೆಚ್ಚಲೇಬೇಕೆಂದಿಲ್ಲ. 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ 2010ರಿಂದ 2018ರ ಅವಧಿಯಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳ ಕೆಲಸ ಆರು ಪಟ್ಟಿಗೂ ಹೆಚ್ಚಾಯಿತು. ಆದರೆ ವಿದ್ಯುತ್ ಬಳಕೆ ಹೆಚ್ಚಿದ್ದು ಶೇ. 6ರಷ್ಟು ಮಾತ್ರ. ಇದಕ್ಕೆ ಕಾರಣ ನಮ್ಮ ರಾಜ್ಯದಲ್ಲಿ ಭೂಮಿ ದಾಖಲೆಗಳ ವಿಷಯದಲ್ಲಿ ಆದ ಬದಲಾವಣೆಯಂತಹುದೇ: ಚದುರಿದ ಸಣ್ಣ ಸರ್ವರ್ ಕೊಠಡಿಗಳು ಮುಚ್ಚಿ ದೊಡ್ಡ ಕೇಂದ್ರಗಳಲ್ಲಿ ಒಂದಾದವು, ಒಂದೇ ಯಂತ್ರ ಹಲವು ಯಂತ್ರಗಳ ಕೆಲಸ ಮಾಡುವಂತಾಯಿತು, ಶೈತ್ಯೀಕರಣ ಸುಧಾರಿಸಿತು.

ಈ ಉಳಿತಾಯದ ದೊಡ್ಡ ಭಾಗ ಈಗಾಗಲೇ ಆಗಿಹೋಗಿದೆ. ಮುಚ್ಚಬೇಕಾದ ಸಣ್ಣ ಕೊಠಡಿಗಳು ಮುಚ್ಚಿವೆ. ಪಿ.ಯು.ಇ. 1ಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ. ಅದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಭಾರ ಬಂದಿದೆ. ಪರಿಣಾಮವಾಗಿ:

- ಅಮೆರಿಕದಲ್ಲಿ ದತ್ತಾಂಶ ಕೇಂದ್ರಗಳ ಬಳಕೆ 2014ರಲ್ಲಿ 5,800 ಕೋಟಿ ಯೂನಿಟ್ ಇದ್ದದ್ದು 2023ರಲ್ಲಿ 17,600 ಕೋಟಿ ಯೂನಿಟ್ ಆಯಿತು. ಇದು ಆ ದೇಶದ ಒಟ್ಟು ವಿದ್ಯುತ್ ಬಳಕೆಯ ಶೇ. 4.4.
- ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಾದ್ಯಂತ 2024ರಲ್ಲಿ ಸುಮಾರು 41,500 ಕೋಟಿ ಯೂನಿಟ್ ಬಳಕೆಯಾಗಿದ್ದು, ಇದು ಒಟ್ಟು ವಿದ್ಯುತ್ತಿನ ಶೇ. 1.5. 2030ರ ವೇಳೆಗೆ ಇದು ಸುಮಾರು 94,500 ಕೋಟಿ ಯೂನಿಟ್ ತಲುಪುವ ಅಂದಾಜಿದೆ.

ಶೇ. 1.5 ಎಂಬುದು ಚಿಕ್ಕ ಸಂಖ್ಯೆಯಂತೆ ಕಾಣಬಹುದು. ಆದರೆ ಈ ಭಾರವು ಎಲ್ಲೆಡೆ ಸಮನಾಗಿ ಹರಡಿಲ್ಲ. ಕೆಲವೇ ಊರುಗಳಲ್ಲಿ, ಕೆಲವೇ ಉಪಕೇಂದ್ರಗಳ ಮೇಲೆ ಒಟ್ಟಾಗಿ ಬೀಳುತ್ತದೆ. ತೊಂದರೆ ಬರುವುದು ಅಲ್ಲಿ.

7. ಭಾರತ ಮತ್ತು ಕರ್ನಾಟಕದ ಸ್ಥಿತಿ

7.1 ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಮುಂಬಯಿ ಮತ್ತು ಚೆನ್ನೈ ನಗರಗಳಲ್ಲಿ ದತ್ತಾಂಶ ಕೇಂದ್ರಗಳು ಹೆಚ್ಚು. ಹೈದರಾಬಾದ್, ದೆಹಲಿ ಸುತ್ತಲಿನ ಪ್ರದೇಶ ಮತ್ತು ಬೆಂಗಳೂರಿನಲ್ಲಿಯೂ ಪ್ರಮುಖ ಕೇಂದ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಂ ಪ್ರವೇಗ ಮಹಾಗಣಕವನ್ನು ಸ್ಥಾಪಿಸಲಾಗಿದೆ.

7.2 ಕೇಂದ್ರ ಸರ್ಕಾರವು 2022ರಲ್ಲಿ 5 ಮೆಗಾವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ದತ್ತಾಂಶ ಕೇಂದ್ರಗಳಿಗೆ ರಸ್ತೆ, ಬಂದರುಗಳಂತೆ ಮೂಲಸೌಕರ್ಯದ ಸ್ಥಾನಮಾನ ನೀಡಿತು. ಇದರಿಂದ ದೀರ್ಘಾವಧಿ ಸಾಲ ಪಡೆಯುವುದು ಸುಲಭವಾಗುತ್ತದೆ. ಕರ್ನಾಟಕ ಸರ್ಕಾರವೂ 2022–27ರ ಅವಧಿಗೆ ದತ್ತಾಂಶ ಕೇಂದ್ರ ನೀತಿಯನ್ನು ಹೊರಡಿಸಿದೆ.

7.3 2025ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆಯು ನೆರೆಯ ಆಂಧ್ರ ಪ್ರದೇಶದ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಗಿಗಾವ್ಯಾಟ್ ಪ್ರಮಾಣದ ಕೇಂದ್ರ ನಿರ್ಮಿಸುವುದಾಗಿ ಪ್ರಕಟಿಸಿತು. 1 ಗಿಗಾವ್ಯಾಟ್ ಎಂದರೆ 1,000 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವ್ಯಾಟ್. ಇಡೀ ಶರಾವತಿ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಉತ್ಪಾದಿಸುವಷ್ಟು ವಿದ್ಯುತ್ತು ಒಂದೇ ಆವರಣಕ್ಕೆ ಬೇಕಾಗುವ ಕಾಲ ಬಂದಿದೆ ಎಂಬುದನ್ನು ಇದರಿಂದ ತಿಳಿಯಬಹುದು.

7.4 ವಿದ್ಯುತ್ತಿನ ಮೂಲ: ರಾಜ್ಯದಲ್ಲಿ ಶರಾವತಿ ಮುಂತಾದ ಜಲವಿದ್ಯುತ್, ರಾಯಚೂರು (1,720 ಮೆಗಾವ್ಯಾಟ್) ಮತ್ತು ಬಳ್ಳಾರಿ (1,700 ಮೆಗಾವ್ಯಾಟ್) ಉಷ್ಣ ವಿದ್ಯುತ್, ಕೈಗಾ (880 ಮೆಗಾವ್ಯಾಟ್) ಅಣುವಿದ್ಯುತ್, ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿರುವ 2,050 ಮೆಗಾವ್ಯಾಟ್ ಸೌರ ಉದ್ಯಾನ, ಹಾಗೂ ಪವನ ವಿದ್ಯುತ್ ಇವೆ. ಸೌರ ವಿದ್ಯುತ್ ಹಗಲಿನಲ್ಲಿ ಮಾತ್ರ ದೊರೆಯುತ್ತದೆ. ಗಾಳಿ ಮಳೆಗಾಲದ ತಿಂಗಳುಗಳಲ್ಲಿ ಹೆಚ್ಚು. ದತ್ತಾಂಶ ಕೇಂದ್ರದ ಭಾರವಾದರೋ ಹಗಲು ರಾತ್ರಿ, ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲದ್ದು. ಆದ್ದರಿಂದ ಸೌರ ವಿದ್ಯುತ್ ಖರೀದಿಸುವ ಕೇಂದ್ರಕ್ಕೂ ಸಂಜೆಯ ನಂತರ ಬೇರೆ ಮೂಲ ಅಥವಾ ಬ್ಯಾಟರಿ ಸಂಗ್ರಹ ಬೇಕೇ ಬೇಕು. 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳಂತೆ 100 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಮಂಜೂರಾದ ಭಾರವುಳ್ಳ ಗ್ರಾಹಕರು ನವೀಕರಿಸಬಹುದಾದ ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಖರೀದಿಸಬಹುದಾಗಿದೆ.

7.5 ಕೊರತೆಯ ವರ್ಷ: 2023ರಲ್ಲಿ ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಒಂದೆಡೆ ಜಲಾಶಯಗಳಲ್ಲಿ ನೀರು ಕಡಿಮೆ, ಇನ್ನೊಂದೆಡೆ ಬೆಳೆ ಉಳಿಸಿಕೊಳ್ಳಲು ಎಲ್ಲ ಪಂಪ್‌ಸೆಟ್‌ಗಳೂ ಏಕಕಾಲಕ್ಕೆ ಓಡಿದ್ದರಿಂದ ವಿದ್ಯುತ್ ಕೊರತೆ ಉಂಟಾಯಿತು. ಇಂತಹ ವರ್ಷದಲ್ಲಿ ಪಂಪ್‌ಸೆಟ್ ಸರಬರಾಜಿನ ವೇಳೆಯನ್ನು ಹಿಂದೆ ಮುಂದೆ ಮಾಡಲು ಸಾಧ್ಯ. ದತ್ತಾಂಶ ಕೇಂದ್ರದ ಭಾರವನ್ನು ಹಾಗೆ ಸುಲಭವಾಗಿ ಮುಂದೂಡಲು ಬರುವುದಿಲ್ಲ. ಬೋರ್‌ವೆಲ್ ನಂಬಿರುವ ನಮ್ಮ ಭಾಗದ ತೆಂಗು ಬೆಳೆಗಾರರಿಗೆ ಈ ವ್ಯತ್ಯಾಸ ಮುಖ್ಯವಾದುದು.

8. ನೀರಿನ ವಿಷಯ

ಹಲವು ದತ್ತಾಂಶ ಕೇಂದ್ರಗಳು ನೀರನ್ನು ಆವಿಯಾಗಿಸಿ ಶಾಖ ತೆಗೆಯುತ್ತವೆ. ಈ ಕ್ರಮದಲ್ಲಿ ವಿದ್ಯುತ್ ಉಳಿಯುತ್ತದೆ, ನೀರು ಖರ್ಚಾಗುತ್ತದೆ. ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಸರಾಸರಿಯಂತೆ ಪ್ರತಿ ಯೂನಿಟ್‌ಗೆ 1.8 ಲೀಟರ್ ನೀರು ಎಂದಿಟ್ಟುಕೊಂಡರೆ 1 ಮೆಗಾವ್ಯಾಟ್‌ಗೆ ದಿನಕ್ಕೆ 43,200 ಲೀಟರ್ ಆಗುತ್ತದೆ. ನೀರು ಬಳಸದೆ ಗಾಳಿಯಿಂದಲೇ ತಂಪಾಗಿಸುವ ಅಥವಾ ಅದೇ ದ್ರವವನ್ನು ಮುಚ್ಚಿದ ಕೊಳವೆಗಳಲ್ಲಿ ಮತ್ತೆ ಮತ್ತೆ ಹರಿಸುವ ಪದ್ಧತಿಗಳೂ ಇವೆ. ಶುದ್ಧೀಕರಿಸಿದ ತ್ಯಾಜ್ಯ ನೀರನ್ನು ಬಳಸುವುದು ಮತ್ತೊಂದು ಮಾರ್ಗ.

2024ರ ಬೇಸಿಗೆಯಲ್ಲಿ ಬೆಂಗಳೂರು ನಗರ ತೀವ್ರ ನೀರಿನ ಕೊರತೆ ಎದುರಿಸಿತು. ನಗರದ ಕುಡಿಯುವ ನೀರಿನ ಮುಖ್ಯ ಆಸರೆ ಕಾವೇರಿ. ಗೊರೂರಿನಿಂದ ಹರಿಯುವ ನಮ್ಮ ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುತ್ತದೆ. ಆದ್ದರಿಂದ ಬೆಂಗಳೂರಿನ ಕಟ್ಟಡವೊಂದರಲ್ಲಿ ನೀರು ಹೇಗೆ ಬಳಕೆಯಾಗುತ್ತದೆ ಎಂಬುದು ಹಾಸನ ಜಿಲ್ಲೆಯ ಜನರಿಗೆ ಸಂಬಂಧವಿಲ್ಲದ ವಿಷಯವೆಂದು ಭಾವಿಸಬಾರದು.

9. ಕೇಂದ್ರಗಳು ಎಲ್ಲಿರಬೇಕು?

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಒಯ್ಯಲಾಯಿತು. ಚಿನ್ನ ಇರುವಲ್ಲಿಗೇ ವಿದ್ಯುತ್ ಹೋಗಬೇಕಾಗಿತ್ತು. ಗಣಿಯನ್ನು ಸ್ಥಳಾಂತರಿಸಲು ಬರುತ್ತಿರಲಿಲ್ಲ. ದತ್ತಾಂಶದ ವಿಷಯ ಹಾಗಲ್ಲ. ಪಾವತಿಯಂತಹ ತುರ್ತು ಸೇವೆಗಳನ್ನು ಬಿಟ್ಟರೆ ಬಹಳಷ್ಟು ಕೆಲಸವನ್ನು ವಿದ್ಯುತ್ ಮತ್ತು ನೀರು ಹೆಚ್ಚಾಗಿರುವ ಸ್ಥಳದಲ್ಲಿ, ಹೆಚ್ಚಾಗಿರುವ ವೇಳೆಯಲ್ಲಿ ಮಾಡಲು ಸಾಧ್ಯ. ವಿದ್ಯುತ್ ಸಾಗಿಸಲು ಗೋಪುರ, ತಂತಿ, ಜಮೀನು ಬೇಕು. ದತ್ತಾಂಶ ಸಾಗಿಸಲು ಕೂದಲೆಳೆಯಷ್ಟು ದಪ್ಪದ ಫೈಬರ್ ಸಾಕು.

ಹಾಸನ ಜಿಲ್ಲೆಗೆ ಸಂಪರ್ಕ ಕ್ಷೇತ್ರ ಹೊಸದೇನಲ್ಲ. ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ಹಾಸನದಲ್ಲಿಯೇ ಇದ್ದು, ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾ ಬರಲಾಗಿದೆ. ಆದರೆ ದತ್ತಾಂಶ ಕೇಂದ್ರ ಬಂದಲ್ಲಿ ಸಾವಿರಾರು ಜನರಿಗೆ ಉದ್ಯೋಗ ದೊರೆಯುತ್ತದೆ ಎಂಬ ನಿರೀಕ್ಷೆ ಸರಿಯಲ್ಲ. ಕಟ್ಟಡ ನಿರ್ಮಾಣದ ವೇಳೆ ಕೆಲಸ ಹೆಚ್ಚು. ನಂತರ ಅದು ಬಳಸುವ ವಿದ್ಯುತ್ತಿಗೆ ಹೋಲಿಸಿದರೆ ನೌಕರರ ಸಂಖ್ಯೆ ಬಹಳ ಕಡಿಮೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ 1: "ಸರ್ವರ್ ಇಲ್ಲ" ಎಂದರೆ ನಿಜವಾಗಿ ಏನಾಗಿರುತ್ತದೆ?
ಉತ್ತರ: ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣವಿರುತ್ತದೆ. (ಅ) ಕಚೇರಿಯಲ್ಲಿ ವಿದ್ಯುತ್ ಹೋಗಿ ಬ್ಯಾಟರಿ ಮುಗಿದಿರುವುದು. (ಆ) ರಸ್ತೆ ಅಗೆತ ಇತ್ಯಾದಿಗಳಿಂದ ಫೈಬರ್ ಕಡಿದಿರುವುದು. (ಇ) ದತ್ತಾಂಶ ಕೇಂದ್ರದ ತಂತ್ರಾಂಶದ ಮೇಲೆ ಒಮ್ಮೆಲೇ ಹೆಚ್ಚಿನ ಒತ್ತಡ ಬಿದ್ದಿರುವುದು. (ಈ) ಆಧಾರ್ ದೃಢೀಕರಣ ಅಥವಾ ಬ್ಯಾಂಕ್ ಪಾವತಿಯಂತಹ ಇನ್ನೊಂದು ಸಂಸ್ಥೆಯ ವ್ಯವಸ್ಥೆ ಉತ್ತರಿಸದಿರುವುದು. ಮೊದಲನೆಯ ಎರಡು ಸ್ಥಳೀಯ ಕಾರಣಗಳಾಗಿದ್ದು, ಪಕ್ಕದ ಹೋಬಳಿಯ ನಾಡಕಚೇರಿಯಲ್ಲಿ ಕೆಲಸ ನಡೆಯುತ್ತಿರಬಹುದು. ಮೂರನೆಯದಾದಲ್ಲಿ ರಾಜ್ಯದೆಲ್ಲೆಡೆ ತೊಂದರೆ ಇರುತ್ತದೆ. ಯಾವ ಕಾರಣವೆಂದು ಸಿಬ್ಬಂದಿಯನ್ನು ವಿಚಾರಿಸಿದಲ್ಲಿ ಕಾಯಬೇಕೇ, ಮತ್ತೊಂದು ದಿನ ಬರಬೇಕೇ ಎಂದು ತೀರ್ಮಾನಿಸಬಹುದು.

ಪ್ರಶ್ನೆ 2: ಹೊಸ ಯೋಜನೆ ಆರಂಭವಾದಾಗ ವ್ಯವಸ್ಥೆ ನಿಧಾನವಾಗುವುದೇಕೆ?
ಉತ್ತರ: ದತ್ತಾಂಶ ಕೇಂದ್ರವನ್ನು ಸಾಮಾನ್ಯ ದಿನದ ಬೇಡಿಕೆ ಮತ್ತು ಸ್ವಲ್ಪ ಹೆಚ್ಚುವರಿಯನ್ನು ಲೆಕ್ಕ ಹಾಕಿ ಸಜ್ಜುಗೊಳಿಸಲಾಗಿರುತ್ತದೆ. 2023ರ ಜೂನ್ 18ರಂದು ಗೃಹ ಜ್ಯೋತಿ ನೋಂದಣಿ ಆರಂಭವಾದಾಗ ಆದಂತೆ, ರಾಜ್ಯದ ಲಕ್ಷಾಂತರ ಕುಟುಂಬಗಳು ಮೊದಲ ದಿನಗಳಲ್ಲಿಯೇ ಅರ್ಜಿ ಸಲ್ಲಿಸಲು ಮುಂದಾದಾಗ ಒತ್ತಡ ಹಲವು ಪಟ್ಟು ಏರುತ್ತದೆ. ಆ ಕೆಲವು ದಿನಗಳಿಗಾಗಿ ವರ್ಷವಿಡೀ ಹೆಚ್ಚುವರಿ ಯಂತ್ರಗಳನ್ನು ಓಡಿಸಿದಲ್ಲಿ ವಿದ್ಯುತ್ ಮತ್ತು ಸಾರ್ವಜನಿಕ ಹಣ ವ್ಯರ್ಥವಾಗುತ್ತದೆ. ಬೇಕಾದಾಗ ಮಾತ್ರ ಯಂತ್ರಶಕ್ತಿ ಹೆಚ್ಚಿಸಿಕೊಳ್ಳುವ ಕ್ಲೌಡ್ ಪದ್ಧತಿ ಇದಕ್ಕೆ ಪರಿಹಾರವಾಗಿ ಬಂದಿದೆ.

ಪ್ರಶ್ನೆ 3: ಆನ್‌ಲೈನ್ ಅರ್ಜಿಯಿಂದ ವಿದ್ಯುತ್ ವ್ಯರ್ಥವಾಗುವುದಿಲ್ಲವೇ? ಕಾಗದವೇ ಉತ್ತಮವಲ್ಲವೇ?
ಉತ್ತರ: ಇಲ್ಲ. ಒಂದು ಪಹಣಿ ಅಥವಾ ಪ್ರಮಾಣ ಪತ್ರ ಒದಗಿಸಲು ಸರ್ವರ್ ಬಳಸುವ ವಿದ್ಯುತ್ ಅತ್ಯಲ್ಪ. ಅದಕ್ಕಾಗಿ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಂದು ಹೋಗುವ ಒಂದು ಪ್ರಯಾಣದ ಇಂಧನ ಅದಕ್ಕಿಂತ ಬಹಳ ಹೆಚ್ಚು. ದತ್ತಾಂಶ ಕೇಂದ್ರಗಳ ವಿದ್ಯುತ್ ಏರಿಕೆಗೆ ಮುಖ್ಯ ಕಾರಣ ಸರ್ಕಾರಿ ದಾಖಲೆಗಳಲ್ಲ.

ಪ್ರಶ್ನೆ 4: ತಾಂತ್ರಿಕ ತೊಂದರೆಯಿಂದ ವಿಳಂಬವಾದಲ್ಲಿ ನನ್ನ ಹಕ್ಕೇನು?
ಉತ್ತರ: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದೆ. ಅರ್ಜಿ ಸ್ವೀಕೃತವಾದಾಗ ದೊರೆಯುವ ಸಕಾಲ ಸಂಖ್ಯೆಯೇ ನಿಮ್ಮ ಆಧಾರ. ಕಾಲಮಿತಿ ಮೀರಿದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಧಿನಿಯಮದಲ್ಲಿ ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶ ಕಲ್ಪಿಸಲಾಗಿದೆ. ಸಕಾಲ ಸಂಖ್ಯೆ ಪಡೆಯದೆ ಬಾಯಿಮಾತಿನಲ್ಲಿ ಹಿಂದಿರುಗಿದಲ್ಲಿ ಕಾಲಮಿತಿಯ ಲೆಕ್ಕ ಆರಂಭವಾಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಪ್ರಶ್ನೆ 5: ವಿದ್ಯುತ್ ದರದ ಬಗ್ಗೆ ನಾನು ಅಭಿಪ್ರಾಯ ತಿಳಿಸಬಹುದೇ?
ಉತ್ತರ: ತಿಳಿಸಬಹುದು. ಹಾಸನ ಜಿಲ್ಲೆಯು ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯಲ್ಲಿದೆ. ವಿದ್ಯುತ್ ಸರಬರಾಜು ಕಂಪನಿಗಳು ದರ ಪರಿಷ್ಕರಣೆಗೆ ಸಲ್ಲಿಸುವ ಅರ್ಜಿಗಳ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಆಕ್ಷೇಪಣೆಗಳನ್ನು ಆಹ್ವಾನಿಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಹೊಸ ದೊಡ್ಡ ಗ್ರಾಹಕರಿಗಾಗಿ ನಿರ್ಮಿಸುವ ಉಪಕೇಂದ್ರ ಮತ್ತು ಮಾರ್ಗಗಳ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ಇಂತಹ ವಿಚಾರಣೆಯಲ್ಲಿ ಕೇಳಬಹುದಾದ ನ್ಯಾಯಯುತ ಪ್ರಶ್ನೆಯಾಗಿದೆ. ಪ್ರಕಟಣೆಗಳನ್ನು ದಿನಪತ್ರಿಕೆಗಳಲ್ಲಿ ಗಮನಿಸುವುದು.

11. ಸಾರ್ವಜನಿಕರ ಗಮನಕ್ಕೆ

(1) ಅರ್ಜಿಯನ್ನು ಕೊನೆಯ ದಿನಾಂಕದವರೆಗೆ ಮುಂದೂಡದೆ ಮುಂಚಿತವಾಗಿ ಸಲ್ಲಿಸುವುದು. ಕೊನೆಯ ಎರಡು ಮೂರು ದಿನಗಳಲ್ಲಿ ಒತ್ತಡ ಅತಿ ಹೆಚ್ಚು.
(2) ಆನ್‌ಲೈನ್ ಮೂಲಕ ಸಲ್ಲಿಸುವವರು ಬೆಳಗಿನ ಜಾವ ಅಥವಾ ರಾತ್ರಿ ವೇಳೆ ಪ್ರಯತ್ನಿಸಿದಲ್ಲಿ ಶೀಘ್ರವಾಗಿ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು.
(3) ಹಣ ಪಾವತಿಯ ಮಧ್ಯದಲ್ಲಿ ಪುಟ ಸ್ಥಗಿತವಾದಲ್ಲಿ ಕೂಡಲೇ ಮತ್ತೊಮ್ಮೆ ಪಾವತಿಸಬಾರದು. ಮೊದಲು ಅರ್ಜಿಯ ಸ್ಥಿತಿ ಹಾಗೂ ಬ್ಯಾಂಕ್ ಖಾತೆಯನ್ನು ಪರಿಶೀಲಿಸುವುದು.
(4) ದಾಖಲೆಗಳನ್ನು ಜಾಲತಾಣದಲ್ಲಿ ಸೂಚಿಸಿರುವ ಗಾತ್ರದೊಳಗೆ, ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಸಲ್ಲಿಸುವುದು. ಒಂದೇ ದಾಖಲೆಯನ್ನು ಪದೇ ಪದೇ ಸಲ್ಲಿಸುವುದರಿಂದ ಸರದಿ ಹೆಚ್ಚುತ್ತದೆಯೇ ಹೊರತು ಕೆಲಸ ಬೇಗ ಆಗುವುದಿಲ್ಲ.
(5) ದೊರೆತ ಪ್ರಮಾಣ ಪತ್ರದ ಒಂದು ಮುದ್ರಿತ ಪ್ರತಿಯನ್ನು ಮನೆಯಲ್ಲಿಯೂ, ಒಂದು ಪ್ರತಿಯನ್ನು ಮೊಬೈಲ್ ಅಥವಾ ಡಿಜಿಲಾಕರ್‌ನಲ್ಲಿಯೂ ಇರಿಸಿಕೊಳ್ಳುವುದು. ಪ್ರಮಾಣ ಪತ್ರದ ಅವಧಿ ಮುಗಿದಿಲ್ಲದಿದ್ದಲ್ಲಿ ಹೊಸ ಅರ್ಜಿಯ ಅವಶ್ಯಕತೆ ಇರುವುದಿಲ್ಲ.
(6) ಯಾವುದೇ ಕಾರಣದಿಂದ ಅರ್ಜಿ ಸ್ವೀಕರಿಸಲಾಗದಿದ್ದಲ್ಲಿ, ಬಂದ ದಿನಾಂಕ ಮತ್ತು ಕಾರಣವನ್ನು ಬರೆದಿಟ್ಟುಕೊಳ್ಳುವುದು. ದೂರು ಅಥವಾ ಮೇಲ್ಮನವಿಯ ಸಂದರ್ಭದಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

12. ಸಮಾರೋಪ

ಹಿಂದೆ ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲಲ್ಲಿ ಕಾಯಬೇಕಾಗಿತ್ತು. ಇಂದು ಅದೇ ಪಹಣಿ ಎಲ್ಲಿಂದಾದರೂ ದೊರೆಯುತ್ತದೆ. ಈ ಅನುಕೂಲದ ಹಿಂದೆ ರಾತ್ರಿ ಹಗಲು ನಡೆಯುವ ಯಂತ್ರಗಳಿವೆ, ಆ ಯಂತ್ರಗಳ ಹಿಂದೆ ನದಿ, ಕಲ್ಲಿದ್ದಲು, ಬಿಸಿಲು ಮತ್ತು ಗಾಳಿ ಇವೆ. ರೈತರ ಮೋಟಾರು, ಮನೆಯ ದೀಪ, ದತ್ತಾಂಶ ಕೇಂದ್ರದ ಸರ್ವರ್ ಈ ಮೂರೂ ಒಂದೇ ವಿದ್ಯುತ್ ಜಾಲದಿಂದ ಪಾಲು ಪಡೆಯುತ್ತವೆ. ಬೇಡಿಕೆ ಹೆಚ್ಚುತ್ತಿರುವ ಈ ಸಂದರ್ಭದಲ್ಲಿ ಯಾರಿಗೆ ಎಷ್ಟು, ಯಾವ ವೇಳೆಗೆ, ಯಾವ ದರಕ್ಕೆ ಎಂಬುದು ಮುಂದಿನ ವರ್ಷಗಳಲ್ಲಿ ತೀರ್ಮಾನವಾಗಬೇಕಾದ ವಿಷಯವಾಗಿದೆ. ಸಾರ್ವಜನಿಕರು ಇದನ್ನು ತಿಳಿದು, ಸೇವೆಗಳ ಸದುಪಯೋಗ ಪಡೆದುಕೊಳ್ಳುವುದರ ಜೊತೆಗೆ, ಅಭಿಪ್ರಾಯ ತಿಳಿಸಲು ಇರುವ ಅವಕಾಶಗಳನ್ನೂ ಬಳಸಿಕೊಳ್ಳಬೇಕೆಂದು ಕೋರಲಾಗಿದೆ.